ದೊಡ್ಡವ್ವ ಹಿಡಿದ ಸುಳ್ಳು

ಶೇಂಗಾದ ತೆಳು ಕೆಂಪು ಸಿಪ್ಪೆಯೊಂದು ಹಾರಿ ಬಂದು ತೆರೆದ ಪುಟದ ಮೇಲೆ ಕುಳಿತಿತು. ಸಾಂಬ್ರಾಣಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಬಿಸಿಲು ಮಂಪರಿನಂತೆ ಹರಡಿತ್ತು. ಹುರಿದ ಶೇಂಗಾ ತಿಕ್ಕುತ್ತಿದ್ದ ದೊಡ್ಡವ್ವನಿಗೆ ನಾನು ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಇಂಗ್ಲೆಂಡಿನ ಮಂಜು ನಮ್ಮ ಕಂಬಗಳ ನಡುವೆಯೂ ಸುಳಿಯುತ್ತಿದೆ ಅನ್ನಿಸುತ್ತಿತ್ತು. ಬಂಗಲೆಯ ಯಜಮಾನನ ಕೊಲೆಯಾಗಿದೆ. ಕೊಲೆಯ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಪತ್ತೇದಾರ ಕೇಳಿದಾಗ, ಮನೆ ನೋಡಿಕೊಳ್ಳುವ ಬಡ ಸಂಬಂಧಿ ಹೆಂಗಸು, "ಆಗ ನಾನು ಎಲ್ಲರ ಜೊತೆ ಊಟಕ್ಕೆ ಕುಳಿತಿದ್ದೆ" ಎನ್ನುತ್ತಾಳೆ.

ದೊಡ್ಡವ್ವನ ಕೈ ನಿಂತಿತು. "ಆಕೀನ ಕೊಂದಾಕಿ. ಸುಳ್ಳ ಹೇಳ್ತಾಳ ನೋಡ."

"ಹೆಂಗ ಅಂತಿ, ದೊಡ್ಡವ್ವ?"

"ಮನಿಮಂದಿಗೆಲ್ಲಾ ಬಡಸಾಕಿ ಅವರ ಜೋಡಿ ಹೆಂಗ ಉಂಡಾಳ? ನಿನ್ನ ಪತ್ತೇದಾರಗ ಅಷ್ಟೂ ತಿಳೀಲಿಲ್ಲೇನ, ಹುಚ್ಚಿ?" ಎಂದು ನಕ್ಕಳು.

ಇಂಗ್ಲೆಂಡಿನ ಅಂಥ ಬಂಗಲೆಗಳಲ್ಲಿ ಬಡಿಸಲು ಆಳುಗಳಿರುತ್ತಾರೆ. ಆ ಹೆಂಗಸು ನಿರಪರಾಧಿ ಎಂದೂ ನನಗೆ ಗೊತ್ತಿತ್ತು. ಆದರೂ ಪುಸ್ತಕ ಮುಚ್ಚಿಟ್ಟೆ. ದೊಡ್ಡವ್ವ ನಮ್ಮ ಜೊತೆ ಕುಳಿತು ಉಂಡದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ನಾನೇ ಬಡಿದೆ. ಬೇಡ ಬೇಡವೆನ್ನುತ್ತಿದ್ದ ದೊಡ್ಡವ್ವನನ್ನು ಎಲ್ಲರ ಸಾಲಿನಲ್ಲೇ ಕೂರಿಸಿ, ಮೊದಲ ಬಿಸಿ ರೊಟ್ಟಿಯನ್ನು ಅವಳ ತಾಟಿಗೆ ಹಾಕಿದೆ.