ಅಕ್ಕನನ್ನು ಮನೆಗೆ ಕರೆದೊಯ್ದದ್ದು

ಬಾಡಿಗೆ ಕಾರು ಓಡಿಸುತ್ತಿದ್ದ ಅವನನ್ನು ಸ್ಟ್ಯಾಂಡಿನವರೆಲ್ಲ ಕರೆಯುತ್ತಿದ್ದದ್ದು ಪರ್ಸೆಂಟ್ ಅಣ್ಣ ಎಂದು. ಬ್ಯಾಟರಿ ಕಾರು ಕೊಂಡ ಮೇಲೆ ಅವನ ಬಾಯಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಊಟ ಆಯ್ತಾ ಎಂದರೆ, "ಎಂಬತ್ತು ಪರ್ಸೆಂಟ್ ಆಯ್ತು, ಒಂದು ಟೀ ಬಿದ್ರೆ ಫುಲ್ಲು" ಎನ್ನುತ್ತಿದ್ದ. ಕಾರು ಎಷ್ಟು ದೂರ ಓಡುತ್ತದೆ ಎಂದು ಯಾರಾದರೂ ಕೇಳಿದರೆ ಕಂಪನಿಯ ಅಂಕಿ ಹೇಳಿ ತಾನೇ ನಗುತ್ತಿದ್ದ.

"ಅದು ಮದುವೆ ಮಾತುಕತೇಲಿ ಹೇಳೋ ಸಂಬಳ ಸ್ವಾಮಿ. ಕೈಗೆ ಬರೋದು ಬೇರೆ. ಕೊಡದ ನೀರೆಲ್ಲ ಲೋಟಕ್ಕೆ ಬರುತ್ತಾ? ಬ್ಯಾಟರಿ ಕೆಡಬಾರದು ಅಂತ ತಳದಲ್ಲಿ ಒಂದಿಷ್ಟು ಅದೇ ಇಟ್ಕೊಳ್ಳುತ್ತೆ. ವಯಸ್ಸಾದ ಹಾಗೆ ಕೊಡವೇ ಚಿಕ್ಕದಾಗುತ್ತೆ."

ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ತಾಯಿ ಸತ್ತಾಗ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದ ಮಗು. ಅಕ್ಕ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತಳು. ಮದುವೆಯಾಗಿ ಗುಡ್ಡದಾಚೆಯ ಊರಿಗೆ ಹೊರಟಾಗ ತಮ್ಮನನ್ನೂ ಕೈಹಿಡಿದು ಕರೆದೊಯ್ದಳು. ಭಾವನದು ಕ್ಷೌರದ ಅಂಗಡಿ. ಆ ಪುಣ್ಯಾತ್ಮ ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ.

ಆ ಅಕ್ಕ ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ತಮ್ಮನಿದ್ದ ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಕೊನೆಗೆ ಡಾಕ್ಟರು ಕೈಚೆಲ್ಲಿ, ಮನೆಗೆ ಕರೆದೊಯ್ಯಿರಿ ಎಂದರು. ಮನೆ ಅಣಿಮಾಡಲು ಭಾವ ಮುಂದಾಗಿ ಹೊರಟುಹೋದ.

"ಆಂಬುಲೆನ್ಸ್ ಬೇಡ ಕಣೋ," ಎಂದಳು ಅಕ್ಕ. "ಅದರ ಕೂಗಿಗೇ ಜೀವ ಹೋಗುತ್ತೆ. ನಿನ್ನ ಕಾರು ಸದ್ದು ಮಾಡಲ್ಲ."

ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ದಿಂಬುಗಳನ್ನು ಪೇರಿಸಿ ಅವಳನ್ನು ಮಲಗಿಸಿದ. ಬ್ಯಾಟರಿ ತುಂಬಿತ್ತು. ಎಷ್ಟು ದೂರ ಓಡಬಹುದೆಂದು ಕಾರಿನ ಪರದೆ ತೋರಿಸುವ ಅಂಕಿ ಮನೆ ಮುಟ್ಟಿ ಮಿಗುವಷ್ಟಿತ್ತು. ಆದರೆ ಅದು ಪಟ್ಟಣದ ಸಮತಟ್ಟು ರಸ್ತೆಯ ಓಟ ನೋಡಿ ಕಟ್ಟಿದ ಅಂದಾಜು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಅಂದು ಅದನ್ನೇ ನಂಬಿದ. ಅಕ್ಕನನ್ನು ಬೇಗ ಮುಟ್ಟಿಸುವುದೊಂದೇ ಅವನ ತಲೆಯಲ್ಲಿತ್ತು.

ಏರು ಶುರುವಾಯಿತು. ಎದುರುಗಾಳಿ ಬೇರೆ. ಅಕ್ಕನ ಹಲ್ಲು ಕಟಕಟ ಎನ್ನುವುದು ಕೇಳಿ ಹೀಟರ್ ಜೋರು ಮಾಡಿದ. ಅಂಕಿ ತೂತು ಬಿದ್ದ ಚೀಲದ ಹಾಗೆ ಖಾಲಿಯಾಗತೊಡಗಿತು. ಅರ್ಧ ಗುಡ್ಡದಲ್ಲಿದ್ದ ಚಾರ್ಜಿಂಗ್ ಯಂತ್ರ ಕೆಟ್ಟು, ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಇನ್ನಷ್ಟು ಮೇಲೇರಿ, ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದ.

"ಮನೆ ಪ್ಲಗ್ಗು ಒಂದಿದೆ," ಎಂದ ಅಂಗಡಿಯವನು. "ನಿಧಾನ ಆಗುತ್ತಪ್ಪ. ಅಮ್ಮನ್ನ ಒಳಗೆ ಕರ್ಕೊಂಡು ಬಾ."

ಎತ್ತಲು ಹೋದರೆ ಅಕ್ಕ ನೋವಿಗೆ ಚೀರಿದಳು. ಕಾರಿನಲ್ಲೇ ಬಿಟ್ಟರು. ಹೀಟರ್ ಹಾಕಿದರೆ ಪ್ಲಗ್ಗಿನಿಂದ ಬಂದದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಅವನ ಕೈ ಗುಂಡಿಯ ಮೇಲೆ ತಡವರಿಸಿತು.

"ಆಫ್ ಮಾಡು," ಎಂದಳು ಅಕ್ಕ. "ನನಗೆ ಬೆಚ್ಚಗಿದೆ."

ತನ್ನ ಸ್ವೆಟರ್ ಬಿಚ್ಚಿ ಹೊದಿಸುವಾಗ ಅವಳ ಕೈ ತಗುಲಿತು. ಕಬ್ಬಿಣದಂತೆ ತಣ್ಣಗಿತ್ತು.

"ಸುಳ್ಳು ಹೇಳ್ಬೇಡ ಅಕ್ಕಾ."

"ನೀನು ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ. ಮುಖ ನೋಡ್ಕೋ, ಬಾಡಿಹೋಗಿದೆ. ಹೋಗಿ ಟೀ ಕುಡಿದು ಬಾ, ಹೋಗು."

ಎದುರಿನ ಹೋಟೆಲಿನಿಂದ ಎರಡು ಲೋಟ ಹಿಡಿದು ಬಂದ. ಅವಳಿಗೂ ಒಂದು ಗುಟುಕು ಕುಡಿಸೋಣ ಎಂದುಕೊಂಡಿದ್ದ. ಬಾಗಿಲು ತೆಗೆದಾಗ ಅಕ್ಕ ಇರಲಿಲ್ಲ, ದೇಹವಷ್ಟೇ ಇತ್ತು.

ಅಳುವುದಕ್ಕೂ ಪುರುಸೊತ್ತು ಕೊಡದ ಗತಿ ಅದು. ಕಾರು ಕದಲುವ ಹಾಗಿರಲಿಲ್ಲ. ಹೆಣವನ್ನು ಸೀಟಿನಲ್ಲಿಟ್ಟುಕೊಂಡು ಚಾರ್ಜ್ ಆಗುವುದನ್ನೇ ಕಾಯಬೇಕಾಯಿತು. ಪಂಕ್ಚರ್ ಅಂಗಡಿಯವನು ಕೆಲಸ ಬಿಟ್ಟು ಬಂದು, ಹಳೆಯ ಟೈರಿನ ಮೇಲೆ ಅವನ ಪಕ್ಕ ಕುಳಿತ.

ಒಂದಿಷ್ಟು ಚಾರ್ಜ್ ಆದೊಡನೆ ಹೊರಟ. ಗುಡ್ಡದ ನೆತ್ತಿ ದಾಟಿದ ಮೇಲೆ ಇಳಿಜಾರು. ಕಾರು ಉರುಳಿದಂತೆಲ್ಲ ಬ್ಯಾಟರಿಗೆ ಒಂದಿಷ್ಟು ಮರಳಿ ತುಂಬಿ ಅಂಕಿ ಏರತೊಡಗಿತು. ಅವನು ಪರದೆಗೆ ಟವಲ್ ಮುಚ್ಚಿದ.

ಸಂಜೆ ಭಾವ ಬಾಗಿಲಲ್ಲೇ ನಿಂತಿದ್ದ. ತಮ್ಮನ ಮುಖ ನೋಡಿದವನೇ ಗೋಡೆ ಹಿಡಿದುಕೊಂಡ. "ನೀನಾದ್ರೂ ಹತ್ರ ಇದ್ದೆಯಲ್ಲ," ಎಂದ.

"ಇರಲಿಲ್ಲ ಭಾವ. ಟೀ ತರೋಕೆ ಹೋಗಿದ್ದೆ."

ಭಾವ ತಲೆಯಾಡಿಸಿದ. "ಅವಳೇ ಕಳಿಸಿರ್ತಾಳೆ. ನನಗೆ ಗೊತ್ತಿಲ್ವಾ ಅವಳು?"

ಮಣ್ಣು ಮಾಡಿದ ಮೇಲೂ ಅವನು ಅಲ್ಲೇ ಉಳಿದ. ಇಬ್ಬರೂ ಬೇಯಿಸಿಕೊಂಡಷ್ಟು ತಿಂದರು. ಒಂದು ಬೆಳಿಗ್ಗೆ ಭಾವ ಅಂಗಡಿಯ ಬಾಗಿಲು ತೆರೆದು, "ಬಾ, ಕಾಡುಮನುಷ್ಯ ಆಗಿದ್ದೀಯ" ಎಂದು ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದ. ಕೆನ್ನೆಗೆ ಬಿಸಿನೀರು ತಾಗಿದ್ದೇ ತಡ, ಅವನು ದೊಡ್ಡ ದನಿ ತೆಗೆದು ಅಳತೊಡಗಿದ. ಭಾವ ಕತ್ತಿಯನ್ನು ಕೆಳಗಿಟ್ಟು, ಅವನ ತಲೆಯ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ಹಾಗೇ ನಿಂತಿದ್ದ.