ಪಟ್ಟಿಯಲ್ಲಿಲ್ಲದ ಮಗು

ಮೈಸೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರು ಶೂನ್ಯ ಟಿಕೆಟ್ ಕೊಟ್ಟರು. ಚೀಲದಲ್ಲಿ ಜನನ ನೋಂದಣಿ ಪುಸ್ತಕದಿಂದ ಆರಿಸಿದ ಹೆಸರುಗಳ ಪಟ್ಟಿಯಿತ್ತು. ಮನೆಮನೆಗೆ ಹೋಗಿ, ಮಗು ಹುಟ್ಟಿದ ದಿನ, ತೂಕ, ಊರು ಸರಿಯಾಗಿ ದಾಖಲಾಗಿವೆಯೇ ಎಂದು ತಾಯಂದಿರನ್ನು ಕೇಳುವುದು ನನ್ನ ಕೆಲಸ. ನಾಲ್ಕು ತಾಲ್ಲೂಕು, ನಾಲ್ಕು ದಿನ, ಒಬ್ಬಳೇ.

ಶ್ರೀರಂಗಪಟ್ಟಣದಲ್ಲಿ ಸಿಕ್ಕವರು ಹೆಚ್ಚಾಗಿ ಅಜ್ಜಿಯರು. ಹೆರಿಗೆಗೆ ತವರಿಗೆ ಬಂದಿದ್ದ ಹೆಣ್ಣುಮಕ್ಕಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಮರಳಿದ್ದರು. ಪಾಂಡವಪುರದಲ್ಲೂ ಅದೇ. ಒಂದು ಮನೆಯಲ್ಲಿ ತೊಟ್ಟಿಲ ತುಂಬ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ಸಂಜೆ ಲಾಡ್ಜಿನಲ್ಲಿ ಫಾರಂ ತಿದ್ದುತ್ತಾ ಕೂತಾಗ, ಎರಡು ದಿನದಿಂದ ನಾನೇ ಎಲ್ಲರನ್ನೂ ಕೇಳುತ್ತಿದ್ದೇನೆ, ನನ್ನನ್ನು ಯಾರೂ ಏನೂ ಕೇಳಿಲ್ಲ ಅನ್ನಿಸಿತು.

ಮೂರನೆಯ ದಿನ ಕೆ.ಆರ್. ಪೇಟೆಯಿಂದ ಕಿಕ್ಕೇರಿ ಕಡೆಯ ಹಳ್ಳಿಯೊಂದಕ್ಕೆ ಹೋದೆ. ಪಟ್ಟಿಯಲ್ಲಿದ್ದ ಮನೆ ಮುಗಿಸಿ ಹೊರಬರುವಾಗ ಪಕ್ಕದ ಜಗಲಿಯಿಂದ ಸವಿತಾ ಎಂಬ ಹೆಂಗಸು ಕರೆದಳು.

“ನಮ್ಮನೇಗ್ಯಾಕೆ ಬರ್ನಿಲ್ಲ ಮೇಡಮ್ಮೋರೆ?”

“ನಿಮ್ಮ ಹೆಸರು ಪಟ್ಟಿಯಲ್ಲಿಲ್ಲಮ್ಮ.”

“ಎಲ್ಲೂ ಇಲ್ಲ ಬುಡಿ. ನನ್ ಮಗ್ಳು ಆಂಬುಲೆನ್ಸಲ್ಲಿ ಉಟ್ದೋಳು. ಆಸ್ಪತ್ರೇಲಿ ಕೇಳುದ್ರೆ ಇಲ್ಲುಟ್ಟಿಲ್ಲ ಅಂತಾರೆ, ಪಂಚಾಯ್ತೀಲೂ ಅಂಗೇ ಅಂತಾರೆ. ಬರೋ ವರ್ಸ ಇಸ್ಕೂಲ್ಗೆ ಆಕ್ಬೇಕು.”

ಐದು ವರ್ಷದ ಧನ್ಯ ಅವಳ ಹಿಂದೆ ನಿಂತಿದ್ದಳು. ನೋಂದಣಿಯಾಗದ ಮಗು ನೋಂದಣಿಯಿಂದ ಆರಿಸಿದ ಪಟ್ಟಿಗೆ ಬರುವುದೇ ಇಲ್ಲ. ಅದು ನನಗೆ ಗೊತ್ತಿದ್ದದ್ದೇ. ಅಂಥ ಮಗು ಎದುರಿಗೆ ನಿಂತಿದ್ದು ಮಾತ್ರ ಅದೇ ಮೊದಲು.

ಓಡುವ ಗಾಡಿಯಲ್ಲಿ ಹುಟ್ಟಿದರೆ ಗಾಡಿ ಮೊದಲು ನಿಂತ ಊರಿನಲ್ಲಿ ಬರೆಸಬೇಕು ಎಂದು ತಿಳಿಸಿ, “ಎಲ್ಲಿ ನಿಂತಿತ್ತು?” ಎಂದು ಕೇಳಿದೆ.

“ನಾಗಮಂಗಲದ್ ರೋಡಲ್ಲಿ ಒಂದ್ ಪೆಟ್ಗೆ ಅಂಗ್ಡಿ ತಾವ. ಊರ್ ಗೊತ್ತಿಲ್ಲ. ಇವ್ರಪ್ಪ ಕಬ್ ಕಡಿಯಾಕೆ ಓಗಿದ್ರು, ನಂಜೊತೆ ಯಾರೂ ಇರ್ನಿಲ್ಲ. ಆ ಅಂಗ್ಡಿ ಅವ್ವ ಬಂದು ಕೈ ಇಡ್ಕಂಡಿತ್ತು.”

ಮರುದಿನ ಮೂವರೂ ನಾಗಮಂಗಲದ ಬಸ್ಸು ಹತ್ತಿದೆವು. ಸವಿತಾ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಎರಡು ಕಡೆ ಇಳಿದು, ಇದಲ್ಲ ಎಂದು ರಸ್ತೆಗೆ ಹರಡಿದ್ದ ಹುರುಳಿ ದಾಟಿಕೊಂಡು ಬಿಸಿಲಲ್ಲಿ ನಡೆದೆವು. ಮೂರನೆಯ ಅಂಗಡಿಯ ಮುದುಕಿ ಸವಿತಾಳನ್ನೇ ದಿಟ್ಟಿಸಿ ನೋಡಿದಳು.

“ಓ, ನೀನಾ! ಇದೇಯೇನವ್ವಾ ಅವತ್ತಿನ್ ಕೂಸು?”

ಹುಡುಗಿಯ ಕೆನ್ನೆ ಸವರಿ ನನ್ನತ್ತ ತಿರುಗಿದಳು. “ನನ್ ಸೀರೆ ಅರ್ದು ಸುತ್ಕೊಟ್ಟಿದ್ದೆ ಕನವ್ವ. ಬದುಕ್ತೋ ಇಲ್ವೋ ಅಂತ ಯಾರ್ನ್ ಕೇಳ್ಳಿ? ಆಂಬುಲೆನ್ಸ್ ಓದಾಗೆಲ್ಲ ಇದೇ ಯೋಚ್ನೆ.”

ಅಂಗಡಿ ಮುಚ್ಚಿ ಪಂಚಾಯ್ತಿಗೆ ನಮ್ಮೊಡನೆ ಬಂದು, ಸಾಕ್ಷಿ ಹೇಳಿ ಹೆಬ್ಬೆಟ್ಟು ಒತ್ತಿದಳು. ತಡವಾದ ನೋಂದಣಿಯಾದ್ದರಿಂದ ಮೇಲಿನವರ ಆದೇಶ ಬೇಕು, ಕಾಯಬೇಕು ಎಂದರು ಅಲ್ಲಿಯವರು. ನಾಗಮಂಗಲದ ಮನೆಗಳು ಬಾಕಿಯಿದ್ದವು; ಅಂಗಡಿಯವರೆಗೆ ಮರಳಿ, ಅವರನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ಬಸ್ಸು ಹತ್ತಿದೆ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಮುದುಕಿ ಧನ್ಯಳ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ನನ್ನ ಪಕ್ಕದ ಸೀಟು ನಾಗಮಂಗಲ ಮುಟ್ಟುವವರೆಗೂ ಖಾಲಿಯೇ ಇತ್ತು.

ಧನ್ಯಳ ವಿಷಯವನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟೆ. ಪಟ್ಟಿಯ ಹೊರಗಿನದು ವರದಿಗೆ ಬಾರದು ಎಂದರು ನಮ್ಮ ಕಚೇರಿಯಲ್ಲಿ.

ಕೆಲವು ತಿಂಗಳ ಮೇಲೆ ಸವಿತಾ ಫೋನು ಮಾಡಿದಳು. “ಪತ್ರ ಬಂತು ಮೇಡಮ್ಮೋರೆ.”

ಹಿಂದಿನಿಂದ ಧನ್ಯ ರಾಗ ತೆಗೆಯುತ್ತಿದ್ದಳು. “ಅವ್ವಾ, ನಮ್ಮೂರ್ಗೆ ಯಾವಾಗ ಓಗದು?”

“ಇದೇ ಕಣೇ ನಿಮ್ಮೂರು!”

“ಇದಲ್ಲ. ನಾನ್ ಉಟ್ಟಿದ್ದು.”