ಗ್ರಹ, ಸಯ್ಯಾರಾ ಮತ್ತು ಜರೀನಾ ಮೇಡಂ

ಜರೀನಾ ಮೇಡಂ ಬಸ್ಸಿನಲ್ಲಿ ಕೂತವರೇ ಮೊದಲು ಚಪ್ಪಲಿ ಕಳಚುತ್ತಿದ್ದರು. ಊದಿದ ಪಾದಗಳನ್ನು ಸೀಟಿನ ಮೇಲೆ ಮಡಚಿಕೊಂಡು, ಬುರ್ಖಾದ ಅಂಚಿನಿಂದ ಮುಚ್ಚಿ, ಕೂತಲ್ಲೇ ತೂಕಡಿಸುತ್ತಿದ್ದರು. ಅವರು ಚಾಮರಾಜನಗರದಲ್ಲಿ ಹತ್ತಿ, ಉಡಿಗಾಲದಲ್ಲಿ ಹತ್ತುವ ನನಗೊಂದು ಸೀಟು ಹಿಡಿದಿರುತ್ತಿದ್ದರು. ಇಬ್ಬರಿಗೂ ಗುಂಡ್ಲುಪೇಟೆಯಲ್ಲಿ ಸ್ಕೂಲು. ಅವರು ಉರ್ದು ಟೀಚರು, ನಾನು ವಿಜ್ಞಾನ. ವರ್ಷಗಟ್ಟಲೆ ಹೀಗೇ ಹೋಗಿ ಬಂದೆವು.

ಅವರ ಗಂಡ ಸೌದಿಯಲ್ಲಿ ಡ್ರೈವರು. ಊರಿಗೆ ಬರುವುದೇ ಅಪರೂಪ. ಮಗಳನ್ನು ಓದಿಸಿ ಮದುವೆ ಮಾಡಿದ್ದು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡದ್ದು ಎಲ್ಲ ಮೇಡಮ್ಮೇ. ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಸುಸ್ತು ಕಣಮ್ಮಿ."

ನನ್ನ ಜಾತಕದಲ್ಲಿ ಕುಜದೋಷವಿತ್ತು. ನೋಡಲು ಬಂದವರು ಅದೊಂದು ಮಾತು ಕೇಳಿದರೆ ಮತ್ತೆ ಬರುತ್ತಿರಲಿಲ್ಲ. ಒಂದು ಸಂಬಂಧ ತಪ್ಪಿದ ಮಾರನೇ ದಿನ ನಾನು ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಮೇಡಂ ಎಚ್ಚರವಾದರು. ಗ್ರಹದ ದೋಷಕ್ಕೆ ಸಂಬಂಧ ತಪ್ಪಿತೆಂದೆ.

"ಗ್ರಹ ಅಂದ್ರೆ ಏನಮ್ಮಿ ಅರ್ಥ?"

"ಹಿಡಿಯೋದು ಮೇಡಂ. ಗ್ರಹಣ ಅಂತೀವಲ್ಲ, ಎರಡೂ ಒಂದೇ ಮೂಲ."

"ಹಿಡಿಯೋದಾ? ನಮ್ಮಲ್ಲಿ ಸಯ್ಯಾರಾ ಅಂತೀವಿ. ಸೈರ್ ಅಂದ್ರೆ ತಿರುಗಾಟ. ಸುಮ್ನೆ ತಿರುಗಾಡ್ಕಂಡಿರೋದು ಅಂತ."

ಪ್ಲಾನೆಟ್ ಎನ್ನುವುದಕ್ಕೂ ಗ್ರೀಕಿನಲ್ಲಿ ಅಲೆಯುವುದು ಎಂದೇ ಅರ್ಥ ಎಂದೆ. ಮೇಡಂ ನನ್ನ ಕಡೆ ತಿರುಗಿ ಕೂತರು.

"ಅರಬ್ಬಿಯೋರು ಈಗ ಕಾರಿಗೂ ಸಯ್ಯಾರಾ ಅಂತಾರಂತೆ. ನಮ್ಮೋರು ಅಲ್ಲಿ ಓಡ್ಸೋದು ಅದನ್ನೇ. ನೋಡು, ನಿಂದು ಹಿಡ್ಕಂಡು ಬುಡಲ್ಲ ಅಂತದೆ, ನಂದು ತಿರುಗ್ತಾ ತಿರುಗ್ತಾ ಮನೆಗೇ ಬರಲ್ಲ ಅಂತದೆ."

ಇಬ್ಬರೂ ನಕ್ಕೆವು. ದೊಡ್ಡದಾಗಿ ನಗಲು ಮೈಯಲ್ಲಿ ತ್ರಾಣವಿರಲಿಲ್ಲ.

ಮುಂದೆ ಬೇಗೂರಿನಿಂದೊಂದು ಸಂಬಂಧ ಬಂತು. "ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿ ದೋಷ ಕಳೆದುಬುಡಿ, ಆಮೇಲೆ ನಮ್ಮುಡುಗ ತಾಳಿ ಕಟ್ತಾನೆ" ಎಂದರು ಗಂಡಿನ ತಾಯಿ. ಒಳಗಿದ್ದ ನಾನು ಹೊರಗೆ ಬಂದೆ.

"ಮೇಲಿರೋದು ಅದರ ಪಾಡಿಗೆ ತಿರುಗ್ತದೆ ಕಣಮ್ಮ. ನಾನು ಗಿಡದ ಜೊತೆ ಮದುವೆಯಾಗಲ್ಲ."

ಅವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದರು. ಅಪ್ಪ ಬೈಯಲಿಲ್ಲ, ಜಾತಕವನ್ನು ಮತ್ತೆ ಯಾರಿಗೂ ತೋರಿಸಲೂ ಇಲ್ಲ. ಮದುವೆಯೂ ಆಗಲಿಲ್ಲ. ಸೋಮವಾರ ಇದನ್ನೆಲ್ಲ ಹೇಳಿದಾಗ ಮೇಡಂ, "ಸರಿಯಾಗೇ ಏಳ್ದೆ ಬುಡು" ಎಂದು ನನ್ನ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಅಂದು ಗುಂಡ್ಲುಪೇಟೆಯಲ್ಲಿ ನಮ್ಮಿಬ್ಬರನ್ನೂ ಕಂಡಕ್ಟರೇ ಎಬ್ಬಿಸಬೇಕಾಯಿತು.

ಹೋದ ಬೇಸಿಗೆ ರಜೆಯಲ್ಲಿ ಮೇಡಂ ಎದೆನೋವು ಬಂದು ತೀರಿಕೊಂಡರು. ಗಂಡ ಸೌದಿಯಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ನಾನು ಅವರ ಮನೆಗೆ ಹೋದಾಗ ಆತ ಬಾಗಿಲಲ್ಲೇ ಕೂತಿದ್ದರು, ಗಡ್ಡವೆಲ್ಲ ಬೆಳ್ಳಗಾಗಿತ್ತು.

"ಬಸ್ಸಲ್ಲಿ ಜೊತೇಲಿ ಕೂರ್ತಿದ್ದೋರು ನೀವೇನಾ ಮೇಡಂ?"

ಹೌದೆಂದೆ. ಒಳಗಿನಿಂದ ಕುರ್ಚಿ ತಂದು ಹಾಕಿದರು. ತಾವು ನಿಂತೇ ಇದ್ದರು.

"ಫೋನಲ್ಲಿ ಕೇಳ್ದಾಗೆಲ್ಲಾ ಚೆನ್ನಾಗಿದೀನಿ ಅಂತಿದ್ಲು. ಅಷ್ಟೇ ನಂಗೊತ್ತಿರೋದು. ನೀವು ದಿನಾ ನೋಡಿದೀರಿ. ಅವಳು ಎಂಗಿದ್ಲು, ಒಸಿ ಹೇಳಿ."